ಅಳೆದದ್ದೇ ಬೇರೆ, ತೂಗಿದ್ದೇ ಬೇರೆ: ಲೀಟರ್–ಕಿಲೋ ಲೆಕ್ಕ ಕೈಕೊಟ್ಟಾಗ ಎಲ್ಲಿ ಹುಡುಕಬೇಕು

ಮೂರನೇ ದಿನವೂ ಮೇಜು ಅಂಟಂಟಾಗಿಯೇ ಇತ್ತು. ಬೆರಳಿಟ್ಟರೆ ಗುರುತು ಮೂಡುತ್ತಿತ್ತು, ತೆಗೆದರೆ ಸಣ್ಣಗೆ ಎಳೆ ಬರುತ್ತಿತ್ತು. ಮರದ ಮೇಜಿನ ಬಿರುಕು ಮುಚ್ಚೋಣ ಅಂತ ಎಪಾಕ್ಸಿ ರೆಸಿನ್ ಸುರಿದಿದ್ದೆ. ರೆಸಿನ್ ಒಂದು ಡಬ್ಬಿ, ಅದನ್ನು ಗಟ್ಟಿ ಮಾಡುವ ಹಾರ್ಡ್‌ನರ್ ಇನ್ನೊಂದು ಡಬ್ಬಿ. ಹೇಳಿದ ಪ್ರಮಾಣದಲ್ಲಿ ಬೆರೆಸಿದರೆ ಒಂದು ದಿನದಲ್ಲಿ ಕಲ್ಲಿನ ಹಾಗೆ ಆಗಬೇಕು. ಆಗಲಿಲ್ಲ.

ಪ್ರಮಾಣ 2:1. ನಾನು ತೂಕದ ಯಂತ್ರದ ಮೇಲೆ ಲೋಟ ಇಟ್ಟು, ಸೊನ್ನೆ ಮಾಡಿ, 200 ಗ್ರಾಂ ರೆಸಿನ್ ಸುರಿದೆ. ಮತ್ತೆ ಸೊನ್ನೆ ಮಾಡಿ 100 ಗ್ರಾಂ ಹಾರ್ಡ್‌ನರ್. ಒಂದು ಗ್ರಾಂ ಕೂಡ ಆಚೀಚೆ ಆಗಿರಲಿಲ್ಲ. ಹಾಗಾಗಿ ಅನುಮಾನವೆಲ್ಲ ಬೇರೆ ಕಡೆಗೇ ಹೋಯಿತು: ಡಬ್ಬಿ ಹಳೆಯದಿರಬೇಕು, ಗಾಳಿಯಲ್ಲಿ ತೇವ ಜಾಸ್ತಿ ಇರಬೇಕು, ತಳದವರೆಗೆ ಕಲಕಿಲ್ಲವೇನೋ, ಮರವೇ ಒಣಗಿಲ್ಲವೇನೋ. ಇದನ್ನೆಲ್ಲ ಒಂದೊಂದಾಗಿ ನೋಡಿ ಸುಸ್ತಾದ ಮೇಲೆ ಡಬ್ಬಿಯ ಮೇಲಿನ 2:1ರ ಕೆಳಗೆ ಸಣ್ಣ ಅಕ್ಷರದಲ್ಲಿದ್ದ ಒಂದು ಪದ ಕಣ್ಣಿಗೆ ಬಿತ್ತು. 'ಗಾತ್ರದಲ್ಲಿ.'

ಅಯ್ಯೋ ಇಷ್ಟೇನಾ ಅಂದುಕೊಂಡೆ. ನನ್ನ ಯಂತ್ರದಲ್ಲಿ ಗ್ರಾಂ ಬದಲು ಮಿಲಿಲೀಟರ್ ತೋರಿಸುವ ಬಟನ್ ಇತ್ತು. ಅದನ್ನು ಒತ್ತಿ 200 ಮಿ.ಲೀ. ಮತ್ತು 100 ಮಿ.ಲೀ. ಅಳೆದು, ಹೊಸದಾಗಿ ಬೆರೆಸಿ, ಬೇರೆ ಒಂದು ಹಲಗೆಯ ಮೇಲೆ ಸುರಿದೆ. ಮಾರನೇ ದಿನ ಮುಟ್ಟಿದರೆ ಮತ್ತೆ ಅಂಟು. ಅದೇ ಅಂಟು.

ಎರಡನೇ ಸಲ ಸೋತಾಗಲೇ ನನಗೆ ವಿಷಯ ನಿಜವಾಗಿ ಅರ್ಥವಾದದ್ದು. ಆದ್ದರಿಂದ ಇಲ್ಲಿ ಬರೆಯುತ್ತಿರುವುದು ರೆಸಿನ್ ಬಗ್ಗೆ ಮಾತ್ರ ಅಲ್ಲ. ಎಣ್ಣೆ, ಹಿಟ್ಟು, ಇಂಧನ, ಮರಳು, ಆಸಿಡ್ ಯಾವುದೇ ಇರಲಿ, ಲೀಟರನ್ನು ಕಿಲೋಗೆ ಅಥವಾ ಕಿಲೋವನ್ನು ಲೀಟರಿಗೆ ತಿರುಗಿಸಿದಾಗ ಲೆಕ್ಕ ಹೊಂದದೇ ಹೋದರೆ ಎಲ್ಲಿಂದ ಹುಡುಕಲು ಶುರು ಮಾಡಬೇಕು ಅನ್ನುವುದು.

ಮೊದಲು ಕೇಳಬೇಕಾದ ಪ್ರಶ್ನೆ: 'ಯಾವುದರ ಒಂದು ಲೀಟರ್?'

ಕನ್ನಡದಲ್ಲಿ 'ಅಳೆದು ತೂಗಿ' ಅನ್ನುತ್ತೇವಲ್ವಾ. ಅಳೆಯುವುದು ಒಂದು ಕೆಲಸ, ತೂಗುವುದು ಇನ್ನೊಂದು ಕೆಲಸ, ಅದಕ್ಕೇ ಎರಡು ಮಾತು. ಅಳೆದರೆ ಸಿಗುವುದು ಗಾತ್ರ, ಅಂದರೆ ವಸ್ತು ಎಷ್ಟು ಜಾಗ ಹಿಡಿದಿದೆ ಅನ್ನುವುದು. ತೂಗಿದರೆ ಸಿಗುವುದು ಅದರಲ್ಲಿ ಎಷ್ಟು ಸರಕು ಇದೆ ಅನ್ನುವುದು. ಶಾಲೆಯ ಪುಸ್ತಕದಲ್ಲಿ ಇದಕ್ಕೆ ದ್ರವ್ಯರಾಶಿ ಅನ್ನುತ್ತಾರೆ. ತೂಕ ಬೇರೆ, ದ್ರವ್ಯರಾಶಿ ಬೇರೆ ಅಂತ ಭೌತಶಾಸ್ತ್ರದ ಮೇಷ್ಟ್ರು ತಿದ್ದುತ್ತಾರೆ. ಸರಿಯೇ, ಚಂದ್ರನ ಮೇಲೆ ತೂಕ ಆರರಲ್ಲಿ ಒಂದು ಪಾಲಾಗುತ್ತದೆ, ದ್ರವ್ಯರಾಶಿ ಹಾಗೇ ಉಳಿಯುತ್ತದೆ. ಆದರೆ ನಾವು ಇಲ್ಲೇ ನೆಲದ ಮೇಲೆ ಬೆರೆಸುತ್ತಿದ್ದೇವೆ. ಹಾಗಾಗಿ ನಾನು ತೂಕ ಅಂತಲೇ ಬರೆಯುತ್ತೇನೆ.

ಯೂನಿಟ್ ಬದಲಾಯಿಸುವುದರಲ್ಲಿ ಎರಡು ಜಾತಿ ಇದೆ. ಲೀಟರ್‌ನಿಂದ ಗ್ಯಾಲನ್‌ಗೆ, ಕಿಲೋದಿಂದ ಪೌಂಡ್‌ಗೆ ಹೋಗುವುದು ಒಂದು ಜಾತಿ. ಇಲ್ಲಿ ವಸ್ತು ಯಾವುದಾದರೂ ಗುಣಿಸುವ ಸಂಖ್ಯೆ ಒಂದೇ. ಹಾಲಾಗಲಿ ಪಾದರಸವಾಗಲಿ, ಒಂದು ಕಿಲೋ ಅಂದರೆ 2.2046 ಪೌಂಡ್. ಲೀಟರ್‌ನಿಂದ ಕಿಲೋಗೆ ಹೋಗುವುದು ಎರಡನೇ ಜಾತಿ, ಇದರಲ್ಲಿ ವಸ್ತುವಿನ ಹೆಸರು ಹೇಳದೆ ಲೆಕ್ಕವೇ ಹುಟ್ಟುವುದಿಲ್ಲ. ಒಂದು ಲೀಟರ್ ನೀರು ಸುಮಾರು ಒಂದು ಕಿಲೋ. ಅಡುಗೆ ಎಣ್ಣೆ ಸುಮಾರು 920 ಗ್ರಾಂ. ಶುದ್ಧ ಆಲ್ಕೊಹಾಲ್ 789 ಗ್ರಾಂ. ಜೇನು ಸುಮಾರು 1.4 ಕಿಲೋ. ಪಾದರಸ ಹದಿಮೂರೂವರೆ ಕಿಲೋ. ಈ ಎರಡು ದಡಗಳ ನಡುವಿನ ಸೇತುವೆಗೆ ಸಾಂದ್ರತೆ ಅಂತ ಹೆಸರು: ಒಂದು ಲೀಟರಿಗೆ ಎಷ್ಟು ಕಿಲೋ.

ನಾನು ನೋಡಿದ ಮಟ್ಟಿಗೆ ಇಂಥ ಲೆಕ್ಕ ತಪ್ಪಿದಾಗ ಗುಣಾಕಾರ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ. ಈ ಮೂರನೇ ಸಂಖ್ಯೆ ಇರುವುದಿಲ್ಲ, ಇದ್ದರೂ ಬೇರೆ ಯಾವುದೋ ವಸ್ತುವಿನದ್ದು ಇರುತ್ತದೆ.

ನನ್ನ ಯಂತ್ರದ ಮಿ.ಲೀ. ಬಟನ್ ಮಾಡಿದ ಕಿತಾಪತಿ

ತೂಕದ ಯಂತ್ರಕ್ಕೆ ಕಣ್ಣಿಲ್ಲ. ಲೋಟದಲ್ಲಿ ಏನಿದೆ, ಎಷ್ಟು ಎತ್ತರಕ್ಕೆ ತುಂಬಿದೆ, ಅದಕ್ಕೆ ಗೊತ್ತಾಗುವುದಿಲ್ಲ. ಅದಕ್ಕೆ ಗೊತ್ತಿರುವುದು ಮೇಲಿಂದ ಬೀಳುವ ಭಾರ ಮಾತ್ರ. ಮಿ.ಲೀ. ಬಟನ್ ಒತ್ತಿದಾಗ ಅದು ಏನೂ ಅಳೆಯುವುದಿಲ್ಲ, 'ಇದು ನೀರು' ಅಂತ ಅಂದುಕೊಂಡು ಗ್ರಾಂ ಸಂಖ್ಯೆಯನ್ನೇ ಮಿ.ಲೀ. ಅಂತ ಹೆಸರು ಬದಲಿಸಿ ತೋರಿಸುತ್ತದೆ. ಕೆಲವು ಯಂತ್ರಗಳಲ್ಲಿ ಹಾಲಿಗೆ ಬೇರೆ ಬಟನ್ ಇರುತ್ತದೆ. ಅದೂ ಇದೇ ಕಥೆ, 1ರ ಬದಲು 1.03ರಿಂದ ಭಾಗಿಸುತ್ತದೆ ಅಷ್ಟೇ.

ಅಂದರೆ ನಾನು ಎರಡನೇ ಸಲ ಹಾಕಿದ್ದೂ ಮೊದಲನೇ ಸಲ ಹಾಕಿದ್ದೂ ಒಂದೇ. ಬದಲಾಗಿದ್ದು ಪರದೆ ಮೇಲಿನ ಎರಡಕ್ಷರ. ಮತ್ತೊಂದು ದಿನ ಕಾದದ್ದು ಅದಕ್ಕೆ!

ಆಮೇಲೆ ಮಾಡಿದ ಪರೀಕ್ಷೆ ಇದು. ಹತ್ತು ನಿಮಿಷದ ಕೆಲಸ, ಗೊತ್ತಿಲ್ಲದ ಯಾವ ದ್ರವಕ್ಕಾದರೂ ನಡೆಯುತ್ತದೆ. ಗೆರೆ ಹಾಕಿದ ಪ್ಲಾಸ್ಟಿಕ್ ಲೋಟ ತೆಗೆದುಕೊಂಡೆ, ಖಾಲಿ ಲೋಟ 12 ಗ್ರಾಂ. 100 ಮಿ.ಲೀ. ಗೆರೆಯವರೆಗೆ ನೀರು ತುಂಬಿ ತೂಗಿದೆ: 112. ಅಂದರೆ ಗೆರೆ ಸರಿಯಾಗಿದೆ. ಈ ಹೆಜ್ಜೆ ಬಿಡಬೇಡಿ, ಅಗ್ಗದ ಲೋಟಗಳ ಗೆರೆ ನಾಲ್ಕೈದು ಮಿ.ಲೀ. ಆಚೀಚೆ ಇರುವುದು ಮಾಮೂಲು. ಗೆರೆ ತಪ್ಪಿದ್ದರೂ ಚಿಂತೆಯಿಲ್ಲ, ಅದೇ ಗೆರೆಗೆ ಹಿಡಿದ ನೀರಿನ ತೂಕದಿಂದ ಭಾಗಿಸಿದರೆ ಆಯಿತು. ಲೋಟ ಒರೆಸಿ ಒಣಗಿಸಿ, ಅದೇ ಗೆರೆಯವರೆಗೆ ರೆಸಿನ್: 127. ಲೋಟದ 12 ಕಳೆದರೆ 115. ಸಾಂದ್ರತೆ 1.15. ಇನ್ನೊಂದು ಅಂಥದ್ದೇ ಲೋಟದಲ್ಲಿ ಹಾರ್ಡ್‌ನರ್: 107. ಲೋಟ ಕಳೆದು 95. ಸಾಂದ್ರತೆ 0.95.

ರೆಸಿನ್ ನೀರಿಗಿಂತ ಭಾರ, ಹಾರ್ಡ್‌ನರ್ ನೀರಿಗಿಂತ ಹಗುರ. ಈಗ ನಾನು ಹಾಕಿದ್ದನ್ನು ಗಾತ್ರಕ್ಕೆ ತಿರುಗಿಸಿ ನೋಡಿ. 200 ಗ್ರಾಂ ರೆಸಿನ್ ಅಂದರೆ 200 ÷ 1.15, ಸುಮಾರು 174 ಮಿ.ಲೀ. ಅದಕ್ಕೆ ಬೇಕಿದ್ದ ಹಾರ್ಡ್‌ನರ್ ಅದರ ಅರ್ಧ, 87 ಮಿ.ಲೀ. ನಾನು ಹಾಕಿದ್ದು 100 ÷ 0.95, ಅಂದರೆ 105 ಮಿ.ಲೀ. ನೂರಕ್ಕೆ ಇಪ್ಪತ್ತೊಂದು ಪಾಲು ಜಾಸ್ತಿ. ಈ ಹೆಚ್ಚಿನ ಹಾರ್ಡ್‌ನರ್‌ಗೆ ಕೈ ಹಿಡಿಯಲು ರೆಸಿನ್ ಉಳಿದಿರುವುದಿಲ್ಲ, ಅದು ಒಳಗೇ ಮೆತ್ತಗೆ ಕೂತುಬಿಡುತ್ತದೆ. ಇನ್ನೂ ನಾಲ್ಕು ದಿನ ಕಾದಿದ್ದರೂ ಗಟ್ಟಿಯಾಗುತ್ತಿರಲಿಲ್ಲ.

ತಪ್ಪು ಎಷ್ಟು ಪಟ್ಟು ಅನ್ನುವುದೇ ಕುರುಹು

ನಿಮಗೆ ಬಂದ ಉತ್ತರ, ಬರಬೇಕಾಗಿದ್ದ ಉತ್ತರ ಎರಡೂ ಗೊತ್ತಿದ್ದರೆ ಒಂದನ್ನು ಇನ್ನೊಂದರಿಂದ ಭಾಗಿಸಿ. ದೊಡ್ಡದನ್ನು ಚಿಕ್ಕದರಿಂದ. ಆ ಸಂಖ್ಯೆ ಬಹಳ ಸಲ ತಪ್ಪು ಎಲ್ಲಿದೆ ಅಂತ ತಾನೇ ಹೇಳುತ್ತದೆ. ನಾನು ಈಗ ಮೊದಲು ಮಾಡುವುದೇ ಇದನ್ನು.

2.2 ಹತ್ತಿರ ಬಂತೇ? ಪೌಂಡ್ ಮತ್ತು ಕಿಲೋ ಅದಲು ಬದಲಾಗಿವೆ. ಬೇರೇನೂ ಹುಡುಕುವುದು ಬೇಡ. 1.2 ಬಂದರೆ ಗ್ಯಾಲನ್ ನೋಡಿ: ಅಮೆರಿಕದ ಗ್ಯಾಲನ್ 3.785 ಲೀಟರ್, ಬ್ರಿಟನ್ನಿನ ಗ್ಯಾಲನ್ 4.546 ಲೀಟರ್. ಸಾವಿರ ಪಟ್ಟು ಇದ್ದರೆ ಘನ ಮೀಟರ್–ಲೀಟರ್ ಅಥವಾ ಗ್ರಾಂ–ಕಿಲೋ ಎಡವಟ್ಟು. ಇದು ಒಳ್ಳೆಯ ತಪ್ಪು, ಯಾಕೆಂದರೆ ಯಾರ ಕಣ್ಣಿಗಾದರೂ ಕಾಣುತ್ತದೆ.

ಕಷ್ಟ ಕೊಡುವುದು ಸಣ್ಣ ಸಂಖ್ಯೆಗಳು. 1.04 ಹತ್ತಿರ ಬಂದರೆ ಔನ್ಸ್ ಮೇಲೆ ನನ್ನ ಗುಮಾನಿ. ಔನ್ಸ್ ಅನ್ನುವುದು ತೂಕವೂ ಹೌದು, ಗಾತ್ರವೂ ಹೌದು, ಒಂದೇ ಹೆಸರಿನಲ್ಲಿ ಮೂರ್ನಾಲ್ಕು ಜನ ಇದ್ದ ಹಾಗೆ: ತೂಕದ ಔನ್ಸ್ 28.35 ಗ್ರಾಂ, ಅಮೆರಿಕದ ದ್ರವ ಔನ್ಸ್ 29.57 ಮಿ.ಲೀ., ಬ್ರಿಟನ್ನಿನ ದ್ರವ ಔನ್ಸ್ 28.41 ಮಿ.ಲೀ., ಇದು ಸಾಲದು ಅಂತ ಚಿನ್ನ ಬೆಳ್ಳಿ ತೂಗುವ ಟ್ರಾಯ್ ಔನ್ಸ್ 31.1 ಗ್ರಾಂ. 1.09 ಬಂದರೆ ಎಣ್ಣೆಯನ್ನು ನೀರು ಅಂದುಕೊಂಡಿರಬಹುದು, 1 ÷ 0.92 ಅಷ್ಟೇ ಬರುತ್ತದೆ. ಆದರೆ ಟ್ರಾಯ್ ಔನ್ಸ್ ಮತ್ತು ಸಾದಾ ಔನ್ಸ್ ನಡುವಿನ ಅಂತರವೂ 1.097. ಹಾಗಾಗಿ ಸಂಖ್ಯೆ ನೋಡಿದ ತಕ್ಷಣ ಹಾರಬೇಡಿ, ಏನು ತೂಗುತ್ತಿದ್ದೀರಿ ಅಂತ ನೆನಪಿಸಿಕೊಳ್ಳಿ. ಎಣ್ಣೆಯನ್ನು ಯಾರೂ ಟ್ರಾಯ್ ಔನ್ಸಿನಲ್ಲಿ ತೂಗುವುದಿಲ್ಲ.

ಇನ್ನೊಂದು ಕುರುಹು ಸ್ವಲ್ಪ ಮಜವಾಗಿದೆ. ಎಣ್ಣೆಯ ಲೆಕ್ಕ ಸುಮಾರು 1.18 ಪಟ್ಟು ತಪ್ಪಿದೆ ಅಂತಿಟ್ಟುಕೊಳ್ಳಿ. 0.92 ಗೊತ್ತಿದೆ, ಬಳಸಿಯೂ ಇದ್ದೀರಿ. ಹಾಗಾದರೆ ಗುಣಿಸಬೇಕಾದ ಕಡೆ ಭಾಗಿಸಿದ್ದೀರಿ. ಆಗ ತಪ್ಪು ಒಂದು ಸಲ ಅಲ್ಲ, ಎರಡು ಸಲ ಬೀಳುತ್ತದೆ: 0.92 × 0.92 ಅಂದರೆ 0.846, ಅದನ್ನು ತಿರುಗಿಸಿದರೆ 1.18. ಸಾಂದ್ರತೆಯ ವರ್ಗ ಕಂಡರೆ ದಿಕ್ಕು ತಪ್ಪಿದೆ ಅಂತ ಅರ್ಥ.

ದಿಕ್ಕು ತಪ್ಪದಿರಲು ಸೂತ್ರ ಬಾಯಿಪಾಠ ಮಾಡಬೇಕಿಲ್ಲ. ನೀರಿನ ಮೇಲೆ ತೇಲುವ ದ್ರವವಾದರೆ ಕಿಲೋ ಸಂಖ್ಯೆ ಲೀಟರ್ ಸಂಖ್ಯೆಗಿಂತ ಕಮ್ಮಿ ಇರಬೇಕು. ಮುಳುಗುವುದಾದರೆ ಜಾಸ್ತಿ ಇರಬೇಕು. ಇಷ್ಟು ನೋಡಿದರೆ ಸಾಕು. ಇದನ್ನು ಒಂದು ಸಲ ನೋಡದೇ ಹೋದದ್ದಕ್ಕೆ ಏನಾಯಿತು ಅನ್ನುವುದು ಕೆಳಗಿದೆ.

ವಿಮಾನದ ಲೆಕ್ಕ

1983ರ ಜುಲೈ 23. ಏರ್ ಕೆನಡಾದ ಬೋಯಿಂಗ್ 767 ವಿಮಾನ ಮಾಂಟ್ರಿಯಲ್‌ನಿಂದ ಒಟ್ಟಾವಾ ಮೇಲೆ ಎಡ್ಮಂಟನ್‌ಗೆ ಹೊರಡಬೇಕಿತ್ತು. ಇಂಧನ ಎಷ್ಟಿದೆ ಅಂತ ತೋರಿಸುವ ಮೀಟರ್ ಕೆಟ್ಟಿತ್ತು, ಹಾಗಾಗಿ ಅಳತೆ ಕಡ್ಡಿಯಿಂದ ಟ್ಯಾಂಕ್ ನೋಡಿದರು. ಕಡ್ಡಿಯಿಂದ ಸಿಕ್ಕಿದ್ದು ಗಾತ್ರ: 7,682 ಲೀಟರ್. ಪ್ರಯಾಣಕ್ಕೆ ಬೇಕಿದ್ದದ್ದು ತೂಕ: 22,300 ಕೆಜಿ. ಕೆನಡಾ ಆಗಷ್ಟೇ ಮೆಟ್ರಿಕ್‌ಗೆ ಬದಲಾಗುತ್ತಿದ್ದ ಕಾಲ. ಹಳೆಯ ವಿಮಾನಗಳ ಲೆಕ್ಕ ಪೌಂಡಿನಲ್ಲಿ, ಈ ಹೊಸ ವಿಮಾನದ್ದು ಕಿಲೋದಲ್ಲಿ.

ಸೇತುವೆಯ ಸಂಖ್ಯೆಯಾಗಿ ಅವರ ಕೈಗೆ ಸಿಕ್ಕಿದ್ದು 1.77. ಅದು ಒಂದು ಲೀಟರಿಗೆ ಎಷ್ಟು ಪೌಂಡ್ ಅನ್ನುವ ಸಂಖ್ಯೆ. ಬೇಕಿದ್ದದ್ದು ಒಂದು ಲೀಟರಿಗೆ ಎಷ್ಟು ಕಿಲೋ, ಅಂದರೆ 0.803.

ಅವರು ಮಾಡಿದ ಲೆಕ್ಕ ಹೀಗೆ: 7,682 × 1.77 = 13,597. ಇದು ಕೆಜಿ ಅಂದುಕೊಂಡರು. 22,300ರಲ್ಲಿ ಕಳೆದರೆ 8,703 ಬೇಕು. ಮತ್ತೆ 1.77ರಿಂದ ಭಾಗಿಸಿದರೆ 4,917 ಲೀಟರ್. ಅಷ್ಟು ತುಂಬಿಸಿದರು. ಸರಿಯಾದ ಲೆಕ್ಕದಲ್ಲಿ ಟ್ಯಾಂಕಿನಲ್ಲಿದ್ದದ್ದು 7,682 × 0.803, ಅಂದರೆ 6,169 ಕೆಜಿ. ತುಂಬಬೇಕಿದ್ದದ್ದು 16,131 ಕೆಜಿ, ಲೀಟರಿನಲ್ಲಿ 20,088. ಒಟ್ಟಿನಲ್ಲಿ ಬೇಕಾದುದರ ಅರ್ಧಕ್ಕಿಂತ ಕಮ್ಮಿ ಇಂಧನದಲ್ಲಿ ವಿಮಾನ ಹೊರಟಿತು.

41,000 ಅಡಿ ಎತ್ತರದಲ್ಲಿದ್ದಾಗ ಎಚ್ಚರಿಕೆಯ ಸದ್ದು ಶುರುವಾಯಿತು, ಸ್ವಲ್ಪ ಹೊತ್ತಿನಲ್ಲಿ ಎರಡೂ ಎಂಜಿನ್ ನಿಂತವು. ಕ್ಯಾಪ್ಟನ್ ರಾಬರ್ಟ್ ಪಿಯರ್ಸನ್‌ಗೆ ಎಂಜಿನ್ ಇಲ್ಲದ ಗ್ಲೈಡರ್ ಹಾರಿಸಿ ಅಭ್ಯಾಸವಿತ್ತು. ಗಿಮ್ಲಿ ಅನ್ನುವ ಊರಿನ ಹಳೆಯ ವಾಯುಪಡೆ ನೆಲೆಯ ರನ್‌ವೇ ಮೇಲೆ ವಿಮಾನವನ್ನು ತೇಲಿಸಿಕೊಂಡು ಬಂದು ಇಳಿಸಿದರು. ಆ ರನ್‌ವೇ ಆಗ ಕಾರ್ ರೇಸಿಗೆ ಬಳಕೆಯಲ್ಲಿತ್ತು! ಒಳಗಿದ್ದ 69 ಜನರೂ ಬದುಕಿದರು.

ಈ ಲೆಕ್ಕವನ್ನು ನಾನು ಎಷ್ಟೋ ಸಲ ಹಾಳೆಯ ಮೇಲೆ ಮಾಡಿ ನೋಡಿದ್ದೇನೆ. ಗುಣಾಕಾರ, ಭಾಗಾಕಾರ, ವ್ಯವಕಲನ ಎಲ್ಲವೂ ಸರಿ. ಮತ್ತೆ ಮತ್ತೆ ಪರೀಕ್ಷಿಸಿದರೂ ಅದೇ ಉತ್ತರ ಬರುತ್ತದೆ, ಯಾಕೆಂದರೆ ಪರೀಕ್ಷೆಗೂ ಬಳಸುವುದು ಅದೇ 1.77 ಅಲ್ವಾ. ಆದರೆ ಮೇಲೆ ಹೇಳಿದ ತೇಲುವ ಪ್ರಶ್ನೆ ಕೇಳಿ ನೋಡಿ. ವಿಮಾನದ ಇಂಧನ ನೀರಿನ ಮೇಲೆ ತೇಲುತ್ತದೆ. ಹಾಗಿದ್ದ ಮೇಲೆ 7,682 ಲೀಟರ್ ಹೇಗೆ 13,597 ಕಿಲೋ ಆದೀತು? 1.77 ಅನ್ನು 0.803ರಿಂದ ಭಾಗಿಸಿ: 2.2. ಕುರುಹು ಅಲ್ಲೇ ಕೂತಿದೆ.

ನೀರು ನಮ್ಮನ್ನು ಕೆಡಿಸಿದೆ

ಲೀಟರೂ ಕಿಲೋವೂ ಒಂದೇ ಅನ್ನುವ ಭ್ರಮೆ ಎಲ್ಲಿಂದ ಬಂತು ಅಂದರೆ, ಅದನ್ನು ಬೇಕಂತಲೇ ಹಾಗೆ ಮಾಡಿದ್ದರು. 1795ರಲ್ಲಿ ಫ್ರಾನ್ಸಿನಲ್ಲಿ ಗ್ರಾಂ ಅನ್ನುವುದನ್ನು ಗೊತ್ತು ಮಾಡಿದ್ದೇ ನೀರಿನಿಂದ: ಒಂದು ಘನ ಸೆಂಟಿಮೀಟರ್ ನೀರು, ಮಂಜುಗಡ್ಡೆ ಕರಗುವ ಉಷ್ಣತೆಯಲ್ಲಿ. ಮುಂದೆ 1901ರಲ್ಲಿ ಉಲ್ಟಾ ಮಾಡಿದರು. ಒಂದು ಕಿಲೋ ನೀರು ಅತಿ ದಟ್ಟವಾಗಿರುವಾಗ ಹಿಡಿಯುವ ಜಾಗವೇ ಒಂದು ಲೀಟರ್ ಅಂದರು. ಅದು ಸುಮಾರು 4 ಡಿಗ್ರಿಯಲ್ಲಿ. ಇದರಿಂದ ಲೀಟರ್ ಅನ್ನುವುದು ಒಂದು ಘನ ಡೆಸಿಮೀಟರಿಗಿಂತ (ಹತ್ತು ಸೆಂಟಿಮೀಟರ್ ಉದ್ದ, ಅಗಲ, ಎತ್ತರದ ಜಾಗ) ಕೂದಲೆಳೆಯಷ್ಟು ದೊಡ್ಡದಾಯಿತು, 1.000028 ಪಟ್ಟು. ಕೊನೆಗೆ 1964ರಲ್ಲಿ ಈ ತಲೆನೋವೇ ಬೇಡ ಅಂತ ಲೀಟರನ್ನು ನೀರಿನಿಂದ ಬಿಡಿಸಿ, ಸರಿಯಾಗಿ ಒಂದು ಘನ ಡೆಸಿಮೀಟರ್ ಅಂತ ಮಾಡಿದರು. ಅಲ್ಲಿಂದೀಚೆಗೆ ನೀರು ಕೂಡ ಲೀಟರಿಗೆ ಒಂದು ಕಿಲೋ ಅನ್ನುವುದು ಹತ್ತಿರದ ಉತ್ತರ ಅಷ್ಟೇ.

ಎಷ್ಟು ಹತ್ತಿರ? 20 ಡಿಗ್ರಿಯಲ್ಲಿ 998 ಗ್ರಾಂ, ಯಾರಿಗೂ ತೊಂದರೆ ಇಲ್ಲ. 80 ಡಿಗ್ರಿಯಲ್ಲಿ 972 ಗ್ರಾಂ, ಈಗ ಸ್ವಲ್ಪ ಯೋಚಿಸಬೇಕು. ಬಿಸಿನೀರನ್ನು ಲೋಟದ ಗೆರೆಯಲ್ಲಿ ಅಳೆದು, ತಣ್ಣೀರನ್ನು ತೂಗಿ, ಎರಡೂ ಹೊಂದಲಿಲ್ಲ ಅಂತ ಯಂತ್ರವನ್ನು ಬೈಯಬೇಡಿ. ಮಂಜುಗಡ್ಡೆ 917 ಗ್ರಾಂ, ಅದಕ್ಕೇ ತೇಲುವುದು, ತುಂಬಿಟ್ಟ ಬಾಟಲಿ ಫ್ರೀಜರ್‌ನಲ್ಲಿ ಒಡೆಯುವುದೂ ಅದಕ್ಕೇ.

ಉಷ್ಣತೆ ನೀರಿಗಿಂತ ಪೆಟ್ರೋಲಿಗೆ ಜಾಸ್ತಿ ತಟ್ಟುತ್ತದೆ. ಸಾವಿರ ಲೀಟರ್ ಪೆಟ್ರೋಲ್ 10 ಡಿಗ್ರಿ ಬಿಸಿಯಾದರೆ ಹೆಚ್ಚುಕಮ್ಮಿ ಒಂಬತ್ತು ಹತ್ತು ಲೀಟರ್ ಉಬ್ಬುತ್ತದೆ. ತೂಕ ಒಂದು ಗ್ರಾಂ ಬದಲಾಗಿರುವುದಿಲ್ಲ. ದೊಡ್ಡ ವ್ಯವಹಾರದಲ್ಲಿ ಲೀಟರನ್ನು 15 ಡಿಗ್ರಿಗೆ ಹೊಂದಿಸಿ ಬರೆಯುವ ರೂಢಿ ಅದಕ್ಕೇ ಇರುವುದು. ನಿಮ್ಮ ಟ್ಯಾಂಕಿನ ಲೆಕ್ಕದಲ್ಲಿ ಶೇಕಡಾ ಒಂದರಷ್ಟು ವ್ಯತ್ಯಾಸ ಬರುತ್ತಿದ್ದರೆ ಕಳ್ಳತನ ಅನ್ನುವ ಮೊದಲು ಥರ್ಮಾಮೀಟರ್ ನೋಡಿ.

ಪುಡಿ, ಹಿಟ್ಟು, ಮರಳು: ಇಲ್ಲಿ ಪಟ್ಟಿಯನ್ನು ನಂಬಬೇಡಿ

ದ್ರವಕ್ಕಾದರೆ ಸಾಂದ್ರತೆಯ ಪಟ್ಟಿ ನೋಡಿ ನೆಮ್ಮದಿಯಾಗಿರಬಹುದು. ಪುಡಿಗೆ ಆಗುವುದಿಲ್ಲ. ಲೋಟದಲ್ಲಿ ಇರುವುದು ಹಿಟ್ಟು ಮಾತ್ರ ಅಲ್ಲ, ಹಿಟ್ಟಿನ ನಡುವೆ ಗಾಳಿಯೂ ಇದೆ. ಎಷ್ಟು ಗಾಳಿ ಅನ್ನುವುದು ನಿಮ್ಮ ಕೈಯ ಮೇಲೆ ಹೋಗುತ್ತದೆ. 240 ಮಿ.ಲೀ. ಲೋಟಕ್ಕೆ ಗೋಧಿ ಹಿಟ್ಟನ್ನು ಚಮಚದಿಂದ ಸಡಿಲವಾಗಿ ಉದುರಿಸಿದರೆ 120 ಗ್ರಾಂ ಆಸುಪಾಸು. ಲೋಟವನ್ನೇ ಹಿಟ್ಟಿನ ಡಬ್ಬಿಯೊಳಗೆ ತುರುಕಿ ಎತ್ತಿದರೆ 150 ಮುಟ್ಟುತ್ತದೆ. ಅದೇ ಲೋಟ, ಅದೇ ಹಿಟ್ಟು, ಕಾಲು ಪಾಲು ವ್ಯತ್ಯಾಸ. ಬೇಯಿಸಿದ್ದು ಒಂದು ಸಲ ಮೆತ್ತಗೆ, ಒಂದು ಸಲ ಇಟ್ಟಿಗೆ ಆಗುತ್ತಿದ್ದರೆ ಒಲೆಯನ್ನು ದೂರುವ ಮೊದಲು ಲೋಟವನ್ನು ಕೆಳಗಿಟ್ಟು ಹಿಟ್ಟನ್ನು ತೂಗಿ. ಕಪ್ ಅನ್ನುವ ಅಳತೆಯೂ ಎಲ್ಲ ಕಡೆ ಒಂದೇ ಅಲ್ಲ. ಅಮೆರಿಕದ್ದು 237 ಮಿ.ಲೀ. ಹತ್ತಿರ, ಮೆಟ್ರಿಕ್ ಕಪ್ 250, ಜಪಾನಿನದು 200. ದೊಡ್ಡ ಚಮಚ ಬಹುಪಾಲು ಕಡೆ 15 ಮಿ.ಲೀ., ಆಸ್ಟ್ರೇಲಿಯಾದಲ್ಲಿ 20.

ಮರಳಿನಲ್ಲಿ ಇನ್ನೂ ಒಂದು ಗುಂಡಿ ಇದೆ. ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಬೆಣಚು ಕಲ್ಲಿನ ಸಾಂದ್ರತೆ 2.65 ಅಂತ ಸಿಗುತ್ತದೆ. ಅದು ಒಂದು ಕಣದ್ದು. ರಾಶಿ ಹಾಕಿದ ಒಣ ಮರಳು 1.6 ಆಸುಪಾಸು, ಉಳಿದದ್ದು ಸಂದುಗಳ ಗಾಳಿ. ಕಣದ ಸಾಂದ್ರತೆ ಹಿಡಿದು ರಾಶಿಯ ತೂಕ ಲೆಕ್ಕ ಹಾಕಿದರೆ ಒಂದೂವರೆ ಪಟ್ಟಿಗಿಂತ ಜಾಸ್ತಿ ತಪ್ಪು. ಮರಳಿಗೆ ಸ್ವಲ್ಪ ತೇವ ಹಿಡಿದರೆ ಇನ್ನೂ ವಿಚಿತ್ರ: ಕಣಗಳ ಸುತ್ತ ನೀರಿನ ಪೊರೆ ಕೂತು ಒಂದನ್ನೊಂದು ದೂರ ತಳ್ಳಿ, ರಾಶಿ ಉಬ್ಬುತ್ತದೆ. ಒಂದು ಬುಟ್ಟಿ ತೇವದ ಮರಳಿನಲ್ಲಿ ಒಂದು ಬುಟ್ಟಿ ಒಣ ಮರಳಿನಷ್ಟು ಮರಳು ಇರುವುದಿಲ್ಲ. ಪೂರ್ತಿ ನೆನೆಸಿಬಿಟ್ಟರೆ ಮತ್ತೆ ಕುಗ್ಗುತ್ತದೆ! ಕಾಂಕ್ರೀಟ್ ಬೆರೆಸುವವರು ಮರಳಿನ ತೇವ ನೋಡಿ ಅಳತೆ ತಿದ್ದಿಕೊಳ್ಳುವುದು ಇದಕ್ಕೇ.

ಬೆರೆಸಿದ ಮೇಲೆ ಕಮ್ಮಿ ಬಂದರೆ

50 ಮಿ.ಲೀ. ನೀರಿಗೆ 50 ಮಿ.ಲೀ. ಆಲ್ಕೊಹಾಲ್ ಬೆರೆಸಿ. 100 ಆಗುವುದಿಲ್ಲ, 97ರ ಹತ್ತಿರ ಬರುತ್ತದೆ. ಸೋರಿಲ್ಲ, ಆವಿಯಾಗಿಲ್ಲ. ಎರಡರ ಅಣುಗಳು ಒಂದಕ್ಕೊಂದು ಇನ್ನೂ ಹತ್ತಿರ ಸರಿದು ಕೂತಿವೆ. ತೂಗಿ ನೋಡಿದರೆ ಮೊದಲಿನ ಎರಡರ ಮೊತ್ತ ಚಾಚೂ ತಪ್ಪದೆ ಇರುತ್ತದೆ. ಕೂಡಿಸುವ ಲೆಕ್ಕವಿದ್ದರೆ ತೂಕದಲ್ಲೇ ಕೂಡಿಸಿ, ಗಾತ್ರವನ್ನು ಕೂಡಿಸಲು ಹೋಗಬೇಡಿ.

ಶೇಕಡಾ ಬರೆದಾಗಲೂ ಇದೇ ತೊಡಕು. 'ಶೇಕಡಾ 10ರ ಉಪ್ಪುನೀರು' ಅಂದರೆ 90 ಗ್ರಾಂ ನೀರಿಗೆ 10 ಗ್ರಾಂ ಉಪ್ಪೋ, ಅಥವಾ ಕರಗಿಸಿದ ಮೇಲೆ ಒಟ್ಟು 100 ಮಿ.ಲೀ. ಆಗುವ ಹಾಗೆ 10 ಗ್ರಾಂ ಉಪ್ಪೋ? ಮೊದಲನೆಯದರ ಸಾಂದ್ರತೆ 1.07, ಹಾಗಾಗಿ ಅದರ 100 ಮಿ.ಲೀ.ನಲ್ಲಿ 10.7 ಗ್ರಾಂ ಉಪ್ಪಿರುತ್ತದೆ. ಉಪ್ಪಿಗಾದರೆ ಪರವಾಗಿಲ್ಲ ಅನ್ನಬಹುದು. ಸಲ್ಫ್ಯೂರಿಕ್ ಆಸಿಡ್ ನೋಡಿ: ತೂಕದಲ್ಲಿ ಶೇಕಡಾ 98, ಸಾಂದ್ರತೆ 1.84. ಒಂದು ಲೀಟರ್ ಬಾಟಲಿಯಲ್ಲಿ 980 ಗ್ರಾಂ ಅಲ್ಲ, 1.8 ಕಿಲೋ ಆಸಿಡ್ ಇದೆ.

ಔಷಧಿಯ ವಿಷಯ ಬೇರೆ, ಅದನ್ನು ಸಾಂದ್ರತೆಯಿಂದ ಲೆಕ್ಕ ಹಾಕಲೇಬೇಡಿ. ಸಿರಪ್ ಬಾಟಲಿ ಮೇಲೆ 5 ಮಿ.ಲೀ.ಗೆ 250 ಮಿ.ಗ್ರಾಂ ಅಂತ ಇದ್ದರೆ, ಆ 250 ಮಿ.ಗ್ರಾಂ ಸಿರಪ್ಪಿನ ತೂಕ ಅಲ್ಲ, ಅದರಲ್ಲಿ ಕರಗಿರುವ ಮದ್ದಿನ ತೂಕ. ಇನ್ನೊಂದು ಬಾಟಲಿಯಲ್ಲಿ ಅದೇ ಮದ್ದು 5 ಮಿ.ಲೀ.ಗೆ 125 ಇರಬಹುದು. ಮಿ.ಗ್ರಾಂನಿಂದ ಮಿ.ಲೀ.ಗೆ ಹೋಗುವ ದಾರಿ ಆ ಬಾಟಲಿಯ ಲೇಬಲ್ ಒಂದೇ. ಸಂಶಯ ಬಂದರೆ ಔಷಧಿ ಕೊಟ್ಟವರನ್ನೇ ಕೇಳಿ.

ಅನಿಲಗಳ ಬಗ್ಗೆ ಒಂದೇ ಮಾತು: ಉಷ್ಣತೆ ಮತ್ತು ಒತ್ತಡ ಹೇಳದ ಲೀಟರಿಗೆ ಬೆಲೆ ಇಲ್ಲ. ಮಾಮೂಲಿ ಗಾಳಿ ಘನ ಮೀಟರಿಗೆ ಸುಮಾರು 1.2 ಕಿಲೋ. ನಾಲ್ಕು ಮೀಟರ್ ಉದ್ದ, ಮೂರು ಮೀಟರ್ ಅಗಲ, ಮೂರು ಮೀಟರ್ ಎತ್ತರದ ಖಾಲಿ ಕೋಣೆಯಲ್ಲಿ 43 ಕಿಲೋ ಗಾಳಿ ಇದೆ. ಖಾಲಿ ಅಂತೆ!

ಟನ್ ನೋಡಿದಾಗಲೂ ಸ್ವಲ್ಪ ನಿಂತು ಓದಿ. ಮೆಟ್ರಿಕ್ ಟನ್ 1,000 ಕೆಜಿ, ಅಮೆರಿಕದ ಶಾರ್ಟ್ ಟನ್ 907, ಬ್ರಿಟನ್ನಿನ ಲಾಂಗ್ ಟನ್ 1,016. ಹಡಗಿನ ರಿಜಿಸ್ಟರ್ ಟನ್ ಅಂತೂ ತೂಕವೇ ಅಲ್ಲ, 100 ಘನ ಅಡಿ ಜಾಗ. ಎಸಿಯ ಟನ್ ಗಾತ್ರವೂ ಅಲ್ಲ, ತೂಕವೂ ಅಲ್ಲ, ತಂಪು ಮಾಡುವ ಶಕ್ತಿ, ಸುಮಾರು 3.5 ಕಿಲೋವ್ಯಾಟ್.

ಎಕ್ಸೆಲ್ ಹಾಳೆಯಲ್ಲಿ ಇಂಥ ಲೆಕ್ಕ ಇಟ್ಟುಕೊಂಡವರಿಗೆ ನನ್ನದೊಂದು ಹಟ: ಸಾಂದ್ರತೆಯನ್ನು ಸೂತ್ರದ ಹೊಟ್ಟೆಯೊಳಗೆ ಬಚ್ಚಿಡಬೇಡಿ. ಅದಕ್ಕೆ ಬೇರೆ ಕಾಲಂ ಕೊಡಿ, ತಲೆಬರಹದಲ್ಲಿ 'ಲೀಟರಿಗೆ ಕೆಜಿ' ಅಂತ ಪೂರ್ತಿ ಬರೆಯಿರಿ, ಪಕ್ಕದಲ್ಲಿ ಎಷ್ಟು ಡಿಗ್ರಿಯಲ್ಲಿ ಅಂತಲೂ ಬರೆಯಿರಿ. ಸುಮ್ನೆ 0.92 ಅಂತ ಒಂದು ಸಂಖ್ಯೆ ಕೂತಿದ್ದರೆ ಆರು ತಿಂಗಳಾದ ಮೇಲೆ ಬರೆದವರಿಗೇ ಅದು ಏನು ಅಂತ ನೆನಪಿರುವುದಿಲ್ಲ. ನನಗಂತೂ ಇರಲಿಲ್ಲ.

ಮೇಜು ಏನಾಯಿತು

2:1 ಗಾತ್ರವನ್ನು ತೂಕಕ್ಕೆ ತಿರುಗಿಸಿದೆ. 200 ಮಿ.ಲೀ. ರೆಸಿನ್ 230 ಗ್ರಾಂ, 100 ಮಿ.ಲೀ. ಹಾರ್ಡ್‌ನರ್ 95 ಗ್ರಾಂ. ಅಂದರೆ ನೂರಕ್ಕೆ 41 ಚಿಲ್ಲರೆ. ನಾನು ಹಾಕುತ್ತಿದ್ದದ್ದು ನೂರಕ್ಕೆ 50.

ಮೊದಲು ಸಣ್ಣ ಬಾಟಲಿ ಮುಚ್ಚಳದಲ್ಲಿ 10 ಗ್ರಾಂ ರೆಸಿನ್‌ಗೆ 4.1 ಗ್ರಾಂ ಹಾಕಿ ಪರೀಕ್ಷೆ ಮಾಡಿದೆ. ಇಷ್ಟು ಕಮ್ಮಿ ತೂಗುವಾಗ ಒಂದೊಂದು ಗ್ರಾಂ ತೋರಿಸುವ ಯಂತ್ರ ಸಾಲದು, ಹತ್ತರಲ್ಲಿ ಒಂದು ಗ್ರಾಂ ತೋರಿಸುವುದನ್ನು ಬೇರೆಯವರಿಂದ ಎರವಲು ತಂದೆ. ಮಾರನೇ ಬೆಳಿಗ್ಗೆ ಉಗುರಿನಿಂದ ಒತ್ತಿದರೆ ಗುರುತು ಬೀಳಲಿಲ್ಲ. ಆಮೇಲೆ ಕೈಗವಸು ಹಾಕಿಕೊಂಡು ಮೇಜಿನ ಮೇಲಿನ ಅಂಟನ್ನು ಪೂರ್ತಿ ಕೆರೆದು ತೆಗೆದೆ. ಇದರ ಮೇಲೆಯೇ ಹೊಸದು ಸುರಿಯೋಣ ಅಂತ ಆಸೆ ಆಗುತ್ತದೆ, ಸುರಿಯಬೇಡಿ, ಕೆಳಗಿನದು ಮೆತ್ತಗೇ ಉಳಿಯುತ್ತದೆ. ಆಲ್ಕೊಹಾಲ್‌ನಿಂದ ಒರೆಸಿ, ಒಣಗಿದ ಮೇಲೆ ಮರಳು ಕಾಗದದಿಂದ ಉಜ್ಜಿ, ಹೊಸ ಲೆಕ್ಕದಲ್ಲಿ ಬೆರೆಸಿ ಸುರಿದೆ. ಒಂದೇ ದಿನಕ್ಕೆ ಗಟ್ಟಿಯಾಯಿತು.

ಡಬ್ಬಿಯ ಮುಚ್ಚಳದ ಮೇಲೆ ಈಗ ಮಾರ್ಕರ್‌ನಲ್ಲಿ ಬರೆದಿದ್ದೇನೆ: ತೂಕದಲ್ಲಿ 100:41. ಯಂತ್ರದ ಮಿ.ಲೀ. ಬಟನ್ ಮೇಲೆ ಒಂದು ತುಂಡು ಟೇಪ್ ಅಂಟಿಸಿದ್ದೇನೆ.